ಚೂಯಿಂಗ್ ಗಮ್ಮೂ ಎಲೆಅಡಿಕೆಯ ಬಾಯಿಯೂ

ಚೂಯಿಂಗ್ ಗಮ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಶಾಲೆಯ ಬೆಂಚಿನಡಿ ಮಕ್ಕಳು ಅಂಟಿಸಿಟ್ಟ ಉಂಡೆ, ಇಲ್ಲವೆ ಹಳೇಬೀಡಿನ ದೇವಾಲಯಕ್ಕೆ ಬರುವ ಪ್ರವಾಸಿಗಳ ಬಾಯಾಟ. ಅದು ಔಷಧಿಯೂ ಹೌದೆಂದರೆ ನಗುವವರೇ ಹೆಚ್ಚು. ಆದರೆ ಎಲೆಅಡಿಕೆಯೊಳಗೆ ಹೊಗೆಸೊಪ್ಪಿನ ಚೂರು ಸೇರಿಸಿ ದಿನವಿಡೀ ಜಗಿಯುವವರು ಇರುವ ನಮ್ಮ ಸೀಮೆಯಲ್ಲಿ ಈ ವಿಷಯ ತಿಳಿದಿರುವುದು ಅಗತ್ಯ.

ಮೂಲದಲ್ಲಿ ಇದೂ ತೋಟದ ಪದಾರ್ಥವೇ. ಹಿತ್ತಿಲ ಸಪೋಟ ಮರದ ತೊಗಟೆ ಕೆತ್ತಿದರೆ ಬಿಳಿ ಹಾಲು ಒಸರುತ್ತದಲ್ಲವೆ? ಮೆಕ್ಸಿಕೊ ಕಡೆಯ ಕಾಡುಗಳಲ್ಲಿ ಅದನ್ನೇ ಕಾಯಿಸಿ ಗಟ್ಟಿಮಾಡಿ ಜಗಿಯುತ್ತಿದ್ದರು. 1870ರ ಸುಮಾರಿಗೆ ಅಮೆರಿಕದ ಥಾಮಸ್ ಆಡಮ್ಸ್ ಅದನ್ನು ಅಂಗಡಿಯ ಸರಕಾಗಿಸಿದನು. ಈಗಿನ ಗಮ್ಮಿನಲ್ಲಿ ಹೆಚ್ಚಾಗಿ ಇರುವುದು ಕಾರ್ಖಾನೆಯ ಅಂಟು.

ಜಗಿದಾಗ ಜೊಲ್ಲು ಹೆಚ್ಚುತ್ತದೆ. ಊಟದ ನಂತರ ಹಲ್ಲಿನ ಮೇಲೆ ಹುಟ್ಟುವ ಹುಳಿಯನ್ನು ಆ ಜೊಲ್ಲು ತೊಳೆದುಹಾಕುತ್ತದೆ. ಆದ್ದರಿಂದ ಸಕ್ಕರೆಯಿಲ್ಲದ ಗಮ್ಮನ್ನು ಉಂಡ ಮೇಲೆ ಇಪ್ಪತ್ತು ನಿಮಿಷ ಜಗಿದರೆ ಹಲ್ಲಿಗೆ ಒಳ್ಳೆಯದು. ಫಿನ್ಲೆಂಡಿನ ತುರ್ಕು ನಗರದಲ್ಲಿ 1970ರ ದಶಕದಲ್ಲಿ ಕ್ಸೈಲಿಟಾಲ್ ಎಂಬ ಸಿಹಿಯನ್ನು ಬೆರೆಸಿದ ಗಮ್ಮಿನ ಮೇಲೆ ಪ್ರಯೋಗ ನಡೆದು, ಹಲ್ಲಿನ ಹುಳುಕು ಕಡಿಮೆಯಾದದ್ದು ಕಂಡುಬಂತು. ಸಕ್ಕರೆ ಹಾಕಿದ ಅಗ್ಗದ ಗಮ್ಮಿಗೆ ಈ ಗುಣವಿಲ್ಲ. (ಮನೆಯ ನಾಯಿಗೆ ಮಾತ್ರ ಕ್ಸೈಲಿಟಾಲ್ ವಿಷ, ಅದರ ಬಾಯಿಗೆ ಸಿಗದಂತಿಡಿ.) ಶಸ್ತ್ರಚಿಕಿತ್ಸೆಯಾದ ಮೇಲೆ ಕರುಳು ಬೇಗ ಕೆಲಸ ಆರಂಭಿಸಲೆಂದು ಗಮ್ ಜಗಿಸುವ ರೂಢಿಯೂ ಕೆಲವು ಆಸ್ಪತ್ರೆಗಳಲ್ಲುಂಟು. ಊಟ ಬಂತೆಂದು ಹೊಟ್ಟೆಯನ್ನು ನಂಬಿಸುವ ಉಪಾಯವಿದು. ಸಿಸೇರಿಯನ್ ಆದ ತಾಯಂದಿರಲ್ಲಿ ಇದರಿಂದ ಪ್ರಯೋಜನ ಕಂಡಿದೆ. ವೈದ್ಯರು ಹೇಳಿದರೆ ಮಾತ್ರ ಮಾಡತಕ್ಕದ್ದು.

ಇನ್ನು ಮುಖ್ಯ ಸಂಗತಿಗೆ ಬರೋಣ. ಸ್ವೀಡನ್ನಿನ ಜಲಾಂತರ್ಗಾಮಿ ಹಡಗಿನ ನಾವಿಕರು ನೀರೊಳಗೆ ಸಿಗರೇಟು ಸೇದುವಂತಿರಲಿಲ್ಲ. ಹೊಗೆಸೊಪ್ಪನ್ನು ಬಾಯಲ್ಲಿಟ್ಟು ಚಪಲ ತೀರಿಸಿಕೊಳ್ಳುತ್ತಿದ್ದರು. ಈ ಸುದ್ದಿ 1967ರಲ್ಲಿ ಓವೆ ಫೆರ್ನೊ ಎಂಬ ರಸಾಯನಶಾಸ್ತ್ರಜ್ಞನಿಗೆ ತಲುಪಿತು. ಹೊಗೆಸೊಪ್ಪನ್ನು ಬಿಟ್ಟು ನಿಕೋಟಿನನ್ನು ಮಾತ್ರ ಗಮ್ಮಿನೊಳಗೆ ಸೇರಿಸುವ ಕೆಲಸಕ್ಕೆ ಆತನು ತೊಡಗಿದನು. 1978ರಲ್ಲಿ ಸ್ವಿಜರ್ಲೆಂಡ್ ಈ ಗಮ್ಮಿಗೆ ಔಷಧಿಯಾಗಿ ಒಪ್ಪಿಗೆ ಕೊಟ್ಟಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಔಷಧಿ ಅಂಗಡಿಗಳಲ್ಲಿ 2 ಮತ್ತು 4 ಮಿಲಿಗ್ರಾಮಿನವು ದೊರೆಯುತ್ತವೆ. ಬೀಡಿ ಸಿಗರೇಟು ಬಿಡಲು ಹೊರಟವರು ಇಂಥ ನಿಕೋಟಿನ್ ಔಷಧಿಯ ನೆರವು ಪಡೆದರೆ ಗೆಲ್ಲುವ ಸಂಭವ ಸುಮಾರು ಒಂದೂವರೆ ಪಟ್ಟು. ಜಗಿಯುವ ಹೊಗೆಸೊಪ್ಪಿನ ವಿಷಯದಲ್ಲಿ ಪುರಾವೆ ಅಷ್ಟು ಬಲವಾಗಿಲ್ಲ. ಆಪ್ತ ಸಲಹೆಯೂ ಜೊತೆಗಿರಬೇಕು.

ಎಲೆಅಡಿಕೆ ಅಭ್ಯಾಸದವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಕವಳ ಜಗಿದಂತೆ ಇದನ್ನು ಒಂದೇ ಸಮನೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ, ಹೊಟ್ಟೆ ತೊಳಸುವುದು ಬಂದು, ‘ಈ ಔಷಧಿ ನನಗಾಗದು’ ಎಂದು ಬಿಟ್ಟುಬಿಡುವಿರಿ. ಕ್ರಮ ಹೀಗೆ: ನಾಲಿಗೆಗೆ ಚುರುಚುರು ತಟ್ಟುವವರೆಗೆ ನಿಧಾನವಾಗಿ ಜಗಿದು, ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿಡಿ. ಚುರುಕು ಇಳಿದ ಮೇಲೆ ಮತ್ತೆ ಜಗಿಯಿರಿ. ಅರ್ಧ ಗಂಟೆಯಾದ ಮೇಲೆ ಉಗುಳಿಬಿಡಿ. ಎಲೆಗೆ ಸುಣ್ಣ ಏಕೆ ಹಚ್ಚುತ್ತೇವೆಂದು ಯೋಚಿಸಿದ್ದೀರಾ? ಸುಣ್ಣದ ಕ್ಷಾರದಿಂದಲೇ ಅಡಿಕೆಯ, ಹೊಗೆಸೊಪ್ಪಿನ ಸಾರವು ಕೆನ್ನೆಯ ಮೂಲಕ ರಕ್ತಕ್ಕೆ ಇಳಿಯುವುದು. ಗಮ್ಮಿನಲ್ಲೂ ಅಂಥ ಕ್ಷಾರವಿದೆ. ಕಾಫಿ ಕುಡಿದರೆ ಬಾಯಿ ಹುಳಿಯಾಗಿ ಔಷಧಿ ಒಳಗೆ ಇಳಿಯದು. ಕಾಫಿ ಬೆಳೆಯುವವರಿಗೆ ಹೇಳಲು ಸಂಕೋಚವಾದರೂ ಹೇಳಲೇಬೇಕು: ಗಮ್ ಹಾಕುವ ಹದಿನೈದು ನಿಮಿಷ ಮುಂಚೆಯೂ, ಅದು ಬಾಯಲ್ಲಿರುವಾಗಲೂ ಕಾಫಿ ಬೇಡ. ಗರ್ಭಿಣಿಯರೂ ಹೃದ್ರೋಗಿಗಳೂ ಮೊದಲು ವೈದ್ಯರನ್ನು ಕೇಳಬೇಕು. ದವಡೆ ನೋವಿರುವವರಿಗೆ ಗಮ್ ಹಿಡಿಸದು.

ಈ ಗಮ್ ತಗ್ಗಿಸುವುದು ನಿಕೋಟಿನ್ ಚಪಲವನ್ನಷ್ಟೆ. ಅಡಿಕೆಯ ಚಪಲಕ್ಕೆ ಇದು ಮದ್ದಲ್ಲ. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಕ್ಯಾನ್ಸರ್ ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರ ಸಂಸ್ಥೆಗಳು ಇದನ್ನು ಒಪ್ಪಿಲ್ಲ. ವಾದ ನಡೆದೇ ಇದೆ. ವಾದ ಹೇಗೇ ಮುಗಿಯಲಿ, ಸದಾ ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯಲಾಗದ ರೋಗವನ್ನು ದಂತವೈದ್ಯರು ನೋಡುತ್ತಲೇ ಇದ್ದಾರೆ. ಖಾರ ತಿಂದರೆ ಉರಿ, ಕೆನ್ನೆಯೊಳಗೆ ಬಿಳಿಚಿದ ಬಣ್ಣ ಇದರ ಮೊದಲ ಗುರುತುಗಳು. ಕನ್ನಡಿಯ ಮುಂದೆ ನಿಂತು, ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಇದ್ದರೆ, ಕುಯ್ಲು ಮುಗಿಯಲೆಂದು ಕಾಯದೆ ದಂತವೈದ್ಯರಿಗೆ ಬಾಯಿ ತೋರಿಸಿ. ಹೊಗೆಸೊಪ್ಪು ಬಿಡಲು ಸಲಹೆ ಬೇಕಾದವರು 1800 11 2356ಕ್ಕೆ ಫೋನ್ ಮಾಡಬಹುದು, ಕರೆಗೆ ಹಣವಿಲ್ಲ.