ಒಂದು ಬಕೆಟ್, ಎಂಬತ್ತು ಸಾವಿರ ಕೋಟಿ ಬಾಯಿ

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ತಂಗಿಯ ಮಗನ ಮನೆಗೆ ಹೋಗಿಳಿದ ಮೊದಲ ರಾತ್ರಿ. ಗೋಡೆಯಾಚೆಯಿಂದ ‘ಗುಳುಕ್, ಗುಳುಕ್’ ಎಂಬ ಸದ್ದು ಬಿಡದೆ ಬರುತ್ತಿತ್ತು. ನಲ್ಲಿ ಸೋರುತ್ತಿರಬೇಕೆಂದು ಎದ್ದು ಹೋಗಿ ನೋಡಿದೆ. ಗ್ಯಾರೇಜಿನ ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಬಕೆಟ್. ಬಿಗಿಯಾದ ಮುಚ್ಚಳ, ಮುಚ್ಚಳದ ತೂತಿಗೆ ಸಿಕ್ಕಿಸಿದ ಬೆರಳುದ್ದದ ಏರ್‌ಲಾಕ್. ಅದರೊಳಗಿನ ಎರಡು ಚಮಚ ನೀರನ್ನು ನೂಕಿಕೊಂಡು ಸೆಕೆಂಡಿಗೊಂದರಂತೆ ಗುಳ್ಳೆ ಏಳುತ್ತಿತ್ತು. ಹುಡುಗ ಜೀವನದಲ್ಲಿ ಮೊದಲ ಸಲ ಮನೆಯಲ್ಲೇ ಬಿಯರ್ ಮಾಡಲು ಹೊರಟಿದ್ದ. ಬೆಳಿಗ್ಗೆ ಕೇಳಿದಾಗ, “ಮಾವ, ಮುಚ್ಚಳ ಮಾತ್ರ ತೆಗೀಬೇಡಿ, ಯೀಸ್ಟ್ ಹಾಕಿ ಇನ್ನೂ ಒಂದೂವರೆ ದಿನ ಆಗಿದೆ” ಅಂದ.

ಕಾಗದ, ಪೆನ್ನು ತೆಗೆದುಕೊಂಡು ಲೆಕ್ಕಕ್ಕೆ ಕೂತೆ. ಅವತ್ತು ಹಿಡಿದ ಬೆರಗು ಇನ್ನೂ ಬಿಟ್ಟಿಲ್ಲ.

ಅಲ್ಲಿ ಹೊಸಬರೆಲ್ಲ ಶುರುಮಾಡುವ ಅಳತೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ನಮ್ಮ ಬಚ್ಚಲುಮನೆಯ ಬಕೆಟ್ಟಿನಷ್ಟು. ಅದಕ್ಕೆ ಬೇಕಾದ್ದು ನಾಲ್ಕೂವರೆ ಕೆಜಿ ಮಾಲ್ಟ್, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ನಾವು ಅಂಬಲಿಗೆ, ಮಗುವಿನ ಸರಿಗೆ ರಾಗಿಯನ್ನು ಮೊಳಕೆ ಕಟ್ಟುತ್ತೇವಲ್ಲ, ಅದೇ ವಿದ್ಯೆ. ಕಾಳು ಮೊಳೆಯುವಾಗ ಅದರೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಕಡಿದು ಸಕ್ಕರೆ ಮಾಡುತ್ತವೆ. ಒಂದು ಬಾರ್ಲಿ ಕಾಳು 40 ಮಿಲಿಗ್ರಾಂ ಎಂದು ಹಿಡಿದರೂ ಆ ಬಕೆಟ್ಟಿಗೆ ಹೋಗುವುದು ಒಂದು ಲಕ್ಷಕ್ಕೂ ಹೆಚ್ಚು ಕಾಳು. ಒಂದೊಂದೂ ಮೊಳಕೆ ಒಡೆದದ್ದು. 66 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ನೆನೆದರೆ ಸಾಕು, ಗಂಜಿ ಸಿಹಿಯಾಗುತ್ತದೆ. ಸೋಸಿ, ಹಾಪ್ಸ್ ಹೂವಿನೊಂದಿಗೆ ಒಂದು ಗಂಟೆ ಕುದಿಸಿ, ಆರಿಸಬೇಕು. ಹಾಪ್ಸ್‌ನಿಂದ ಇಳಿಯುವ ಕಹಿಯಂಶ ಇಡೀ ಬಕೆಟ್ಟಿಗೆ ಅರ್ಧ ಗ್ರಾಮಿನ ಆಸುಪಾಸು. ಇಷ್ಟು ಮನುಷ್ಯನ ಕೆಲಸ. ಐದಾರು ಗಂಟೆಯಲ್ಲಿ ಮುಗಿಯುತ್ತದೆ.

ಆಮೇಲೆ ಯೀಸ್ಟ್. ಒಣ ಯೀಸ್ಟಿನ ಪೊಟ್ಟಣ 11 ಗ್ರಾಮಿನದು. ಎರಡು ಬೆರಳಿನಲ್ಲಿ ಹಿಡಿಯಬಹುದು, ಒಳಗೆ ಸಣ್ಣ ರವೆಯಂಥ ಕಂದು ಕಾಳು. 19 ಲೀಟರ್ ಸಾಧಾರಣ ಬಿಯರಿಗೆ ಎಷ್ಟು ಜೀವಕೋಶ ಬೇಕೆಂದು ಬಿಯರ್ ತಯಾರಕರ ಸೂತ್ರವೊಂದಿದೆ. ಅದರಂತೆ ಲೆಕ್ಕ ಹಾಕಿದರೆ ಬರುವುದು 17,000 ಕೋಟಿ. ಒಳ್ಳೆಯ ಪೊಟ್ಟಣವೊಂದರಲ್ಲಿ ಹೆಚ್ಚುಕಡಿಮೆ ಅಷ್ಟು ಇರುತ್ತವೆ. ಭೂಮಿಯ ಮೇಲಿರುವ ಮನುಷ್ಯರೆಲ್ಲ ಸೇರಿ 800 ಕೋಟಿ ಚಿಲ್ಲರೆ. ಹುಡುಗ ಕತ್ತರಿಯಿಂದ ಮೂಲೆ ಕತ್ತರಿಸಿ ಸುರಿದ ಪುಡಿಯಲ್ಲಿ ಇಂಥ ಇಪ್ಪತ್ತು ಭೂಮಿಗಳ ಜನಸಂಖ್ಯೆ ಇತ್ತು. ಒಂದು ಕೋಶದ ಅಗಲ ಸುಮಾರು 6 ಮೈಕ್ರಾನ್, ಒಂದು ಮಿಲಿಮೀಟರಿನಲ್ಲಿ ನೂರಅರವತ್ತು ಕೂರುತ್ತವೆ. ಅಷ್ಟು ಸಣ್ಣವು. ಆದರೂ ಆ ಪೊಟ್ಟಣದ್ದನ್ನೆಲ್ಲ ಸಾಲಾಗಿ ಜೋಡಿಸಿದರೆ ಬೆಂಗಳೂರಿನಿಂದ ಮುಂಬೈ ಮುಟ್ಟುತ್ತದೆ.

ಅವು ಸುಮ್ಮನೆ ಕೂರುವ ಜೀವಿಗಳಲ್ಲ. ಸಿಹಿನೀರು ಸಿಕ್ಕಿದ ಕೂಡಲೇ ಮೈಮೇಲೆ ಮೊಗ್ಗು ಬಿಟ್ಟು, ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದೆರಡು ದಿನದಲ್ಲಿ ನಾಲ್ಕೈದು ಪಟ್ಟು ಬೆಳೆಯುತ್ತವೆ. 80,000 ಕೋಟಿ ಎಂದಿಟ್ಟುಕೊಳ್ಳೋಣ. ಒಂದು ಹನಿಯಲ್ಲಿ ಇಪ್ಪತ್ತು ಲಕ್ಷ. ಈಗ ಆ ಸಾಲು 4,800 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ, ಅರ್ಧ ದಾರಿ ವಾಪಸು ಬಂದಷ್ಟು.

ಯೀಸ್ಟಿನ ಪೂರ್ತಿ ಜೀನೋಮನ್ನು 1996ರಲ್ಲಿ ಓದಿ ಮುಗಿಸಿದರು. ಕೋಶಕೇಂದ್ರವಿರುವ ಜೀವಿಗಳಲ್ಲಿ ಹಾಗೆ ಪೂರ್ತಿ ಓದಿಸಿಕೊಂಡ ಮೊದಲನೆಯದು ಅದೇ. 1.2 ಕೋಟಿ ಅಕ್ಷರ, ಸುಮಾರು 6,000 ವಂಶವಾಹಿ. ಆ ಒಂದು ಪ್ರತಿಯ ಡಿಎನ್‌ಎ ದಾರವನ್ನು ಬಿಡಿಸಿ ಎಳೆದರೆ 4 ಮಿಲಿಮೀಟರ್ ಉದ್ದ. ಕೋಶದ ಅಗಲಕ್ಕಿಂತ ಆರೇಳು ನೂರು ಪಟ್ಟು ಉದ್ದದ ದಾರ ಅದರೊಳಗೆ ಮಡಿಸಿ ಕೂತಿದೆ. ಒಂದೊಂದು ಕೋಶಕ್ಕೆ ಒಂದೇ ಪ್ರತಿ ಎಂದು ಕಡಿಮೆ ಹಿಡಿದರೂ, ಬಕೆಟ್ಟಿನಲ್ಲಿರುವ ದಾರವನ್ನೆಲ್ಲ ಗಂಟು ಹಾಕಿದರೆ 32 ಲಕ್ಷ ಕಿಲೋಮೀಟರ್. ಚಂದ್ರನಿಗೆ ನಾಲ್ಕು ಸಲ ಹೋಗಿಬರಬಹುದು. ಗ್ಯಾರೇಜಿನಲ್ಲಿ, ಹಳೆ ಸೈಕಲ್ಲಿನ ಪಕ್ಕದಲ್ಲಿ, ಇದೆಲ್ಲ ಇತ್ತು!

ಇನ್ನು ಊಟದ ಲೆಕ್ಕ. 5 ಶೇಕಡಾ ಆಲ್ಕೋಹಾಲಿನ 19 ಲೀಟರ್ ಬಿಯರ್ ಆಗಲು ಯೀಸ್ಟು ಸುಮಾರು ಒಂದೂವರೆ ಕೆಜಿ ಸಕ್ಕರೆ ತಿನ್ನಬೇಕು. ಗ್ಲೂಕೋಸ್ ಅಣುಗಳ ಲೆಕ್ಕದಲ್ಲಿ ಹೇಳಿದರೆ 5ರ ಮುಂದೆ 24 ಸೊನ್ನೆ. ಜೋರಾದ ಕೆಲಸ ನಾಲ್ಕು ದಿನದ್ದೆಂದು ಹಿಡಿದು ಕೋಶಗಳಿಗೆ ಹಂಚಿದರೆ, ಒಂದೊಂದು ಕೋಶವೂ ಸೆಕೆಂಡಿಗೆ ಸರಾಸರಿ ಒಂದೂಮುಕ್ಕಾಲು ಕೋಟಿ ಅಣು ನುಂಗಿದಂತಾಯಿತು. ರಾತ್ರಿ ಹಗಲು, ನಾಲ್ಕು ದಿನ. ಈ ಒಂದು ಅಂಕಿಯನ್ನು ನಾನು ಮೂರು ಸಲ ಗುಣಿಸಿ ನೋಡಿದೆ.

ಒಂದು ಗ್ಲೂಕೋಸ್ ಅಣುವಿಗೆ ಎರಡು ಆಲ್ಕೋಹಾಲ್ ಅಣು, ಎರಡು ಇಂಗಾಲದ ಡೈಆಕ್ಸೈಡ್ ಅಣು. ಆ ಒಂದೂವರೆ ಕೆಜಿ ಸಕ್ಕರೆಯ ಹತ್ತಿರ ಹತ್ತಿರ ಅರ್ಧ ತೂಕ, 700 ಗ್ರಾಂ, ಗಾಳಿಯಾಗಿ ಹಾರಿಹೋಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಗಾತ್ರ 390 ಲೀಟರ್. ಊರ ಕಡೆ ನೀರು ತುಂಬಿಡುವ ದೊಡ್ಡ ಡ್ರಮ್ಮು 200 ಲೀಟರಿನದು. ಅಂಥ ಎರಡು ಡ್ರಮ್ಮು ತುಂಬುವ ಅನಿಲ ಒಂದು ಬಕೆಟ್ಟಿನೊಳಗಿಂದ, ಬೆರಳುದ್ದದ ಏರ್‌ಲಾಕಿನ ಮೂಲಕ ಹೊರಗೆ ಹೋಗಬೇಕು. ಗುಳ್ಳೆಗೆ 3 ಮಿಲಿಲೀಟರ್ ಎಂದರೆ 1,30,000 ಗುಳ್ಳೆ. ನಾನು ಆ ರಾತ್ರಿ ಕೇಳಿದ್ದು ಅವುಗಳಲ್ಲಿ ಕೆಲವನ್ನು.

ಹೊಸಬರಿಗೆ ಹಿರಿಯರು ಹೇಳುವ ಎಚ್ಚರಿಕೆಗಳೆಲ್ಲ ಈ ಅಂಕಿಗಳಿಂದಲೇ ಬಂದವು. ಹಾಗಾಗಿ ಅವನ್ನು ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕ ಮಾಡಿ ನೋಡುವುದು ಒಳ್ಳೆಯದು ಎಂದು ನನ್ನ ನಂಬಿಕೆ. ಏರ್‌ಲಾಕ್ ಕಟ್ಟಿಕೊಂಡರೆ 390 ಲೀಟರಿಗೆ ದಾರಿ ಇಲ್ಲ, ಮುಚ್ಚಳ ಸೂರಿಗೆ ಹಾರುತ್ತದೆ. ಬಕೆಟ್ಟನ್ನು ಮುಚ್ಚಿದ ಸಣ್ಣ ಕಪಾಟಿನಲ್ಲಿ ಇಡಬಾರದು, ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಅಲ್ಲೇ ಮಡುಗಟ್ಟುತ್ತದೆ. ಕೋಶಗಳ ದುಡಿಮೆಗೆ ಶಾಖವೂ ಹುಟ್ಟುತ್ತದೆ. ಹೊರಗೆ ಹೋಗದೆ ಉಳಿದರೆ ಇಡೀ ಬಕೆಟ್ಟನ್ನು ಹತ್ತು ಡಿಗ್ರಿಗೂ ಹೆಚ್ಚು ಬಿಸಿ ಮಾಡುವಷ್ಟು. ಆದ್ದರಿಂದ ಕೋಣೆ 20 ಡಿಗ್ರಿ ಇದ್ದರೆ ಬಕೆಟ್ಟಿನೊಳಗೂ 20 ಎಂದು ತಿಳಿಯಬಾರದು. ಬಿಸಿ ಹೆಚ್ಚಾದರೆ ಯೀಸ್ಟು ಅವಸರಪಟ್ಟು ಘಾಟು ರುಚಿಗಳನ್ನು ಬಿಡುತ್ತದೆ.

ಶುಚಿತ್ವವಂತೂ ಪೂರಾ ಸಂಖ್ಯೆಯದೇ ಜಗಳ. ಆರಿದ ಸಿಹಿನೀರು ಹಾಲಿನ ಹಾಗೆ, ಯಾವ ಸೂಕ್ಷ್ಮಜೀವಿ ಮೊದಲು ಬಂದರೂ ಅದರ ಪಾಲು. ಸರಿಯಾಗಿ ತೊಳೆಯದ ನಳಿಕೆಯಲ್ಲಿ ಕೆಲವು ಸಾವಿರ ಬ್ಯಾಕ್ಟೀರಿಯಾ ಉಳಿದಿವೆ ಎನ್ನಿ. ಎದುರಿಗೆ 17,000 ಕೋಟಿ ಯೀಸ್ಟ್ ಒಂದೇ ಸಲ ಇಳಿದರೆ ಸಕ್ಕರೆಯನ್ನು ಅವೇ ಬಾಚಿಕೊಂಡು, ಆಮ್ಲ ಹೆಚ್ಚಿಸಿ, ಆಲ್ಕೋಹಾಲ್ ತುಂಬಿ, ಬಂದವರನ್ನು ಮೂಲೆಗೆ ತಳ್ಳುತ್ತವೆ. ಹಳೆಯ, ಅರ್ಧ ಸತ್ತ ಪೊಟ್ಟಣ ಹಾಕಿದರೆ ಈ ಸೈನ್ಯ ಕರಗಿಹೋಗುತ್ತದೆ. ಪೊಟ್ಟಣದ ಮೇಲಿನ ತಾರೀಖು ನೋಡುವುದು ಅದಕ್ಕೇ.

ಬಾಟಲಿಯ ವಿಷಯ ಬಂದಾಗ ಹುಡುಗನಿಗೆ ನಾನು ಗದರಿಯೇ ಹೇಳಿದೆ. ಹುದುಗಿದ ಬಿಯರಿಗೆ 120 ಗ್ರಾಂ ಸಕ್ಕರೆ ಬೆರೆಸಿ ಐವತ್ತು ಬಾಟಲಿಗೆ ತುಂಬುತ್ತಾರೆ. ಬಾಟಲಿಗೆ ಎರಡೂವರೆ ಗ್ರಾಂ ಕೂಡ ಬೀಳದು, ಕಾಫಿಗೆ ಹಾಕುವ ಅರ್ಧ ಚಮಚ. ಅಷ್ಟರಿಂದಲೇ ಒಳಗಿನ ಒತ್ತಡ ಕಾರಿನ ಟೈರಿನ ಒತ್ತಡದ ಹತ್ತಿರ ಹೋಗುತ್ತದೆ. ಇನ್ನು ಹುದುಗು ಮುಗಿಯುವ ಮೊದಲೇ ತುಂಬಿದರೆ? ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.010ಕ್ಕೆ ಇಳಿಯಬೇಕಾದ್ದು 1.020ರಲ್ಲಿ ಇರುವಾಗಲೇ ಮುಚ್ಚಳ ಒತ್ತಿದರೆ, ಬಾಟಲಿಯೊಳಗೆ ಹುಟ್ಟುವ ಅನಿಲ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಗಾಜು ಸಿಡಿಯುತ್ತದೆ, ಕಣ್ಣು ಹೋಗುತ್ತದೆ. “ಮೂರು ದಿನ ಒಂದೇ ಅಂಕಿ ತೋರಿಸೋವರೆಗೂ ಬಾಟಲಿ ಮುಟ್ಟಬೇಡ” ಅಂದೆ. “ಆಯ್ತು ಮಾವ” ಅಂದ, ಹಾಗೇ ಮಾಡಿದ.

ಬಾಟಲಿ ಕಂದು ಬಣ್ಣದ್ದೇ ಏಕೆ? ಬಿಸಿಲು ತಾಕಿದರೆ ಹಾಪ್ಸ್‌ನ ಕಹಿಯಂಶ ಒಡೆದು ಒಂದು ಗಂಧಕದ ಸಂಯುಕ್ತ ಹುಟ್ಟುತ್ತದೆ, ಕೆಟ್ಟ ನಾತದ್ದು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಒಂದು ಉಪ್ಪಿನ ಹರಳನ್ನು ನೂರಾರು ಚೂರು ಮಾಡಿ, ಒಂದೇ ಚೂರು ಹಾಕಿದಷ್ಟು ಸಾಕು, ಇಡೀ ಬಕೆಟ್ಟಿನ ಬಿಯರ್ ಹಾಳು. ಕೋಟಿಗಳ ಲೆಕ್ಕದ ನಡುವೆ ನಮ್ಮ ಮೂಗಿಗೂ ಒಂದು ಮರ್ಯಾದೆ ಸಲ್ಲಲಿ.

ಅಮೆರಿಕದಲ್ಲಿ ಈ ಬಕೆಟ್ಟಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ತಡವಾಗಿ. 1933ರಲ್ಲಿ ಪಾನನಿಷೇಧ ಹೋದರೂ ಮನೆಯ ಬಿಯರಿಗೆ ಬಿಡುಗಡೆ ಸಿಗಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆಯೇ ಕೇಂದ್ರದ ತಡೆ ಹೋಯಿತು. ಕೊನೆಯ ಎರಡು ರಾಜ್ಯಗಳು, ಅಲಬಾಮಾ ಮತ್ತು ಮಿಸಿಸಿಪ್ಪಿ, ಒಪ್ಪಿದ್ದು 2013ರಲ್ಲಿ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಇಂಥ ನಲವತ್ತು ಬಕೆಟ್, ಮಾರುವಂತಿಲ್ಲ. 2017ರ ಅಂದಾಜಿನಲ್ಲಿ ಅಲ್ಲಿ 11 ಲಕ್ಷ ಜನ ಮನೆಯಲ್ಲಿ ಬಿಯರ್ ಮಾಡುತ್ತಿದ್ದರು. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇದನ್ನು ಓದಿ ಯಾರೂ ಇಲ್ಲಿ ಬಕೆಟ್ ಇಡಬೇಡಿ.

ಕಾನೂನು ಒಪ್ಪುವ ಊರಿನಲ್ಲಿರುವ ಕನ್ನಡಿಗರಿಗೆ ಒಂದೇ ಮಾತು. ಬಿಯರನ್ನು ಬಾಟಲಿಗೆ ಇಳಿಸಿದ ಮೇಲೆ ಬಕೆಟ್ಟಿನ ತಳದಲ್ಲಿ ದೋಸೆಹಿಟ್ಟಿನಂಥ ಕೆನೆಬಣ್ಣದ ಗಷ್ಟು ಉಳಿದಿರುತ್ತದೆ. ಹೊಸಬರು ಅದನ್ನು ಕೊಳೆ ಎಂದು ಚರಂಡಿಗೆ ಸುರಿಯುತ್ತಾರೆ. ಆ 80,000 ಕೋಟಿಯಲ್ಲಿ ಬಹುಪಾಲು ಅಲ್ಲೇ, ಜೀವಂತವಾಗಿ, ನಿದ್ದೆಯಲ್ಲಿವೆ. ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ, ಕುದಿಸಿ ಆರಿಸಿದ ಗಾಜಿನ ಜಾಡಿಯಲ್ಲಿ ಒಂದು ಲೋಟ ಗಷ್ಟು ತುಂಬಿ, ಮುಚ್ಚಳ ಸಡಿಲ ಬಿಟ್ಟು ಫ್ರಿಜ್ಜಿನಲ್ಲಿಡಿ. ಒಂದೆರಡು ವಾರದೊಳಗೆ ಬಳಸಿದರೆ ಮುಂದಿನ 19 ಲೀಟರಿಗೆ ಅದೇ ಸಾಕು.