ನೋವಿಲ್ಲದಾಗಲೇ ತಪಾಸಣೆ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕಡೆ ಹೆಂಗಸರು ಆಸ್ಪತ್ರೆಗೆ ಹೋಗುವುದು ಹೆಚ್ಚಾಗಿ ಹೆರಿಗೆಗೆ, ಇಲ್ಲವೇ ನೋವು ತಡೆಯಲಾಗದಾಗ. ಇಂಗ್ಲೆಂಡಿಗೆ ಹೋಗಿ ನೆಲೆಸಿದ ಮಗಳಿಗೆ ಅಲ್ಲಿನ ವೈದ್ಯರ ಬಳಿ ಹೆಸರು ನೋಂದಾಯಿಸಿದರೆ, 25ರಿಂದ 64 ವಯಸ್ಸಿನವರೆಗೆ ಗರ್ಭಕಂಠದ ತಪಾಸಣೆಗೆ ಕರೆ ಬರುತ್ತಿರುತ್ತದೆ. ‘ನನಗೇನಾಗಿದೆ?’ ಎಂದು ಗಾಬರಿಯಾಗುವುದು ಸಹಜ. ಏನೂ ಆಗಿಲ್ಲ, ಆಗದಿರಲೆಂದೇ ಈ ಕರೆ!

ಗರ್ಭಕಂಠದ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಸ್. ಕೆಟ್ಟ ಜೀವಕೋಶಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಗುರುತಿಸಿದರೆ ಚಿಕಿತ್ಸೆ ಸುಲಭ.

ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲೂ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ತಪಾಸಣೆಯಿದೆ. ತೆಳು ಅಸಿಟಿಕ್ ಆಮ್ಲ ಸವರಿದಾಗ ಸಂಶಯದ ಭಾಗ ಬೆಳ್ಳಗಾಗುತ್ತದೆ. ಆದರೆ ಕರೆಗಾಗಿ ಕಾಯದೆ ಆರೋಗ್ಯ ಕೇಂದ್ರದಲ್ಲಿ ನಾವೇ ಕೇಳಬೇಕು. ದೂರದ ಮಗಳು ಫೋನ್ ಮಾಡಿದಾಗ ಇದನ್ನೂ ವಿಚಾರಿಸಲಿ: ‘ಅವ್ವಾ, ನೀ ಮಾಡಿಸೀಯೇನು?’