ಜಪಾನಿನ ಕೆಲವು ಅಲ್ಪಪರಿಚಿತ ಚಲಚ್ಚಿತ್ರಗಳು

ಜಪಾನಿನ ಚಲಚ್ಚಿತ್ರವೆಂದೊಡನೆ ಸಾಮಾನ್ಯವಾಗಿ ಕೇಳಿಬರುವುವು ಮೂರು ಹೆಸರುಗಳು: ಕುರೊಸಾವ ಅಕಿರ, ಮಿಜೊಗುಚಿ ಕೆಂಜಿ, ಓಜು ಯಸುಜಿರೊ. (ಜಪಾನೀಯರ ರೂಢಿಯಂತೆ ಮನೆತನದ ಹೆಸರನ್ನು ಮೊದಲಿಟ್ಟಿದ್ದೇವೆ.) 1951ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ಕುರೊಸಾವನ ‘ರಾಶೋಮೊನ್’ ಅತ್ಯುನ್ನತ ಪ್ರಶಸ್ತಿಯನ್ನು ಪಡೆದಂದಿನಿಂದ ಹೊರಜಗತ್ತು ಆ ದೇಶದ ಚಿತ್ರಗಳನ್ನು ಗಂಭೀರವಾಗಿ ಗಮನಿಸತೊಡಗಿತು. ಈ ಮೂವರ ಹಿರಿಮೆ ನಿರ್ವಿವಾದವಾದುದು. ಆದರೆ ಪ್ರಸಿದ್ಧಿಗೂ ಗುಣಕ್ಕೂ ಇರುವ ಸಂಬಂಧ ನಾವು ಭಾವಿಸುವಷ್ಟು ನೇರವಾದುದಲ್ಲ. ಒಂದು ಚಿತ್ರವು ನಮಗೆ ಅಪರಿಚಿತವಾಗಿರುವುದಕ್ಕೆ ಅದರ ಕೊರತೆಯೇ ಕಾರಣವೆಂದು ತೀರ್ಮಾನಿಸುವ ಮುನ್ನ, ಅದರ ಪ್ರತಿ ಉಳಿದಿದೆಯೇ, ಉಳಿದಿದ್ದರೆ ಅದನ್ನು ಯಾರಾದರೂ ಹೊರನಾಡಿಗೆ ಕಳುಹಿಸಿದರೇ ಎಂದು ವಿಚಾರಿಸಬೇಕಾಗುತ್ತದೆ.

ಮೊದಲನೆಯ ಪ್ರಶ್ನೆಗೆ ದೊರೆಯುವ ಉತ್ತರ ಖೇದಕರವಾದುದು. 1923ರ ಕಾಂತೋ ಭೂಕಂಪ, 1945ರ ವಿಮಾನದಾಳಿಗಳು, ಕಿಡಿ ತಗುಲಿದರೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮು, ಪ್ರದರ್ಶನ ಮುಗಿದ ಪ್ರತಿಗೆ ಬೆಲೆಯಿಲ್ಲವೆಂಬ ಭಾವನೆ, ಇವೆಲ್ಲ ಕೂಡಿ ಜಪಾನಿನ ಮೂಕಚಿತ್ರಗಳಲ್ಲಿ ಬಹುಭಾಗವನ್ನು ಅಳಿಸಿಹಾಕಿದುವು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ದ (1934) ಪ್ರತಿಯನ್ನೇ ಕಳೆದುಕೊಂಡಿರುವ ನಮಗೆ ಈ ನಷ್ಟದ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಲ್ಲಿಯ ಮೂಕಚಿತ್ರವು ವಾಸ್ತವವಾಗಿ ಮೂಕವಾಗಿರಲಿಲ್ಲ. ತೆರೆಯ ಪಕ್ಕದಲ್ಲಿ ‘ಬೆಂಶಿ’ ಎಂಬ ನಿರೂಪಕನೊಬ್ಬನು ನಿಂತು ಪಾತ್ರಗಳ ಮಾತನ್ನಾಡುತ್ತ, ಕಥೆಯನ್ನು ವಿವರಿಸುತ್ತ ಹೋಗುತ್ತಿದ್ದನು. ನಟರಿಗಿಂತ ಬೆಂಶಿಗಳಿಗಾಗಿಯೇ ಪ್ರೇಕ್ಷಕರು ಬರುತ್ತಿದ್ದುದೂ ಉಂಟು. ಕಿನುಗಾಸ ತೇಯಿನೊಸುಕೆ 1926ರಲ್ಲಿ ತೆಗೆದ ‘ಕುರುತ್ತ ಇಪ್ಪೇಜಿ’ಯಲ್ಲಿ (‘ಹುಚ್ಚಿನ ಒಂದು ಪುಟ’) ನಡುವೆ ಬರಹದ ಫಲಕಗಳು ಒಂದೂ ಇಲ್ಲದಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹುಚ್ಚಾಸ್ಪತ್ರೆಯಲ್ಲಿರುವ ಹೆಂಡತಿಯ ಬಳಿಯಿರುವ ಸಲುವಾಗಿ ಅಲ್ಲಿಯೇ ಆಳಾಗಿ ಸೇರಿದ ಮಾಜಿ ನಾವಿಕನೊಬ್ಬನ ಕಥೆ ಅದು. ಕಾದಂಬರಿಕಾರ ಕವಬಾತ ಯಸುನಾರಿಯ ಹೆಸರು ಅದರ ಕಥೆಗೆ ಸೇರಿಕೊಂಡಿದೆ. ಕಳೆದೇಹೋಯಿತೆಂದು ಬಹುಕಾಲ ನಂಬಲಾಗಿದ್ದ ಈ ಚಿತ್ರದ ಪ್ರತಿ 1971ರಲ್ಲಿ ನಿರ್ದೇಶಕನ ಉಗ್ರಾಣದಲ್ಲೇ ದೊರೆಯಿತು. ಇಂದು ಬೆಂಶಿಯಿಲ್ಲದೆ ಅದನ್ನು ನೋಡುವವನಿಗೆ ಕಥೆ ತೊಡಕೆನಿಸಿದರೆ ಆಶ್ಚರ್ಯವಿಲ್ಲ. ಮೊದಲ ಪ್ರೇಕ್ಷಕನಿಗೆ ಆ ತೊಡಕು ಇಷ್ಟಿರಲಾರದು.

ನಮ್ಮ ವಿಷಯಕ್ಕೆ ಮುಖ್ಯನಾದವನು ಯಮನಾಕ ಸದಾವೊ. 1909ರಲ್ಲಿ ಹುಟ್ಟಿ, 1932ರಲ್ಲಿ ನಿರ್ದೇಶನಕ್ಕೆ ತೊಡಗಿ, ಐದಾರು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ ಈತನ ಕೃತಿಗಳಲ್ಲಿ ಇಡಿಯಾಗಿ ಉಳಿದಿರುವುವು ಮೂರು ಮಾತ್ರ. ಜಪಾನೀಯರು ಹಿಂದಿನ ಕಾಲದ ಕಥೆಯುಳ್ಳ ಚಿತ್ರಗಳನ್ನು ‘ಜಿದಾಯಿಗೇಕಿ’ ಎಂದೂ ಸಮಕಾಲೀನ ಜೀವನದ ಚಿತ್ರಗಳನ್ನು ‘ಗೆಂದಾಯಿಗೇಕಿ’ ಎಂದೂ ವಿಂಗಡಿಸುತ್ತಾರೆ. ಮೊದಲನೆಯ ಬಗೆಯಲ್ಲಿ ಕತ್ತಿವರಸೆಗೂ ವೀರರಸಕ್ಕೂ ಅಗ್ರಸ್ಥಾನ. ಯಮನಾಕನೂ ಆತನ ಗೆಳೆಯರೂ ಆ ಪಾತ್ರಗಳ ಬಾಯಲ್ಲಿ ದಿನಬಳಕೆಯ ಮಾತನ್ನಿಟ್ಟರು. ಜುಟ್ಟು ಕಟ್ಟಿಕೊಂಡ ಇಂದಿನ ಜನರಂತೆ ಅವರನ್ನು ನಡೆಸಿದರು. 1935ರ ಚಿತ್ರದಲ್ಲಿ ತಂಗೆ ಸಾಜೆನ್ ಎಂಬ ಒಕ್ಕಣ್ಣ, ಒಕ್ಕೈಯ ಕತ್ತಿವೀರನೇ ನಾಯಕ. ಅದುವರೆಗಿನ ಚಿತ್ರಗಳಲ್ಲಿ ಭೀಕರನಾಗಿದ್ದ ಇವನು ಇಲ್ಲಿ ಅನಾಥ ಬಾಲಕನೊಬ್ಬನನ್ನು ಸಾಕುವ ಮನೆವಾಳ್ತೆಯ ಮನುಷ್ಯನಾಗಿಬಿಡುತ್ತಾನೆ. ಹತ್ತು ಲಕ್ಷ ರ್‍ಯೋ ನಿಧಿಯ ಗುಟ್ಟನ್ನು ಒಳಗೊಂಡ ಮಡಕೆಯನ್ನು ಎಲ್ಲರೂ ಊರೆಲ್ಲ ಹುಡುಕುತ್ತಿರುವಾಗ, ಆ ಬಾಲಕ ಅದರಲ್ಲಿ ಹೊಂಬಣ್ಣದ ಮೀನನ್ನು ಸಾಕಿಕೊಂಡಿರುತ್ತಾನೆ. ಹಾಸ್ಯವು ಇಷ್ಟು ಸಲೀಸಾಗಿ ಹರಿಯುವ ಚಿತ್ರಗಳು ಯಾವ ದೇಶದಲ್ಲಿಯೂ ವಿರಳ.

1937ರ ‘ನಿಂಜೋ ಕಮಿಫುಸೆನ್’ (‘ಮಾನವೀಯತೆ ಮತ್ತು ಕಾಗದದ ಬುಗ್ಗೆ’) ಇದಕ್ಕೆ ತೀರ ಭಿನ್ನವಾದುದು. ಎದೋ ನಗರದ ಬಡ ವಠಾರವೊಂದರಲ್ಲಿ ಮುದಿ ಸಾಮುರಾಯಿಯೊಬ್ಬನು ನೇಣು ಹಾಕಿಕೊಂಡಿರುವುದರಿಂದ ಕಥೆ ಆರಂಭವಾಗುತ್ತದೆ. ಸಾಮುರಾಯಿಯಂತೆ ಕತ್ತಿಯಿಂದಲೇ ಏಕೆ ಸಾಯಲಿಲ್ಲವೆಂದರೆ, ಅವನು ಅಲಗನ್ನು ಆಗಲೇ ಮಾರಿ, ಒರೆಯಲ್ಲಿ ಬಿದಿರನ್ನಿಟ್ಟುಕೊಂಡಿದ್ದನು! ನೆರೆಯವರು ವಠಾರದ ಒಡೆಯನಿಂದ ಹಣ ಗಿಟ್ಟಿಸಿ, ಸತ್ತವನ ಹೆಸರಿನಲ್ಲಿ ರಾತ್ರಿಯೆಲ್ಲ ಕುಡಿದು ಹಾಡುತ್ತಾರೆ. ಅದೇ ವಠಾರದಲ್ಲಿ ಮತಜೂರೊ ಎಂಬ ಕೆಲಸವಿಲ್ಲದ ಸಾಮುರಾಯಿ ಇದ್ದಾನೆ. ತಂದೆಯಿಂದ ಉಪಕೃತನಾದ ಅಧಿಕಾರಿಯೊಬ್ಬನಿಗೆ ತಂದೆಯ ಪತ್ರವನ್ನು ತಲಪಿಸಿ ಉದ್ಯೋಗ ಪಡೆಯುವುದು ಅವನ ಆಸೆ; ಅಧಿಕಾರಿ ಪ್ರತಿಸಲವೂ ತಪ್ಪಿಸಿಕೊಳ್ಳುತ್ತಾನೆ. ಹೆಂಡತಿ ಮನೆಯಲ್ಲಿ ಕಾಗದದ ಬುಗ್ಗೆಗಳನ್ನು ಅಂಟಿಸಿ ಸಂಸಾರ ತೂಗಿಸುತ್ತಾಳೆ. ಅವಳಿಗೆ ಅವನು ಸತ್ಯವನ್ನು ಹೇಳುವುದಿಲ್ಲ. ಕೊನೆಗೆ ತಲಪಿಸದೆ ಉಳಿದ ಆ ಪತ್ರ ಅವಳ ಕೈಗೆ ಸಿಕ್ಕಿದಾಗ ಅವಳು ಕಿರುಗತ್ತಿಯನ್ನು ತೆಗೆದುಕೊಳ್ಳುತ್ತಾಳೆ. ಗಂಡಹೆಂಡಿರ ಸಾವನ್ನು ನಿರ್ದೇಶಕ ತೋರಿಸುವುದಿಲ್ಲ. ಮರುದಿನ ಬೆಳಗ್ಗೆ ವಠಾರದ ಬಚ್ಚಲಗಾಲುವೆಯಲ್ಲಿ ಕಾಗದದ ಬುಗ್ಗೆಯೊಂದು ತೇಲಿಹೋಗುವುದನ್ನು ಕಾಣುತ್ತೇವೆ. ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದುದಕ್ಕೆ ಚಲಚ್ಚಿತ್ರದಲ್ಲಿ ಉದಾಹರಣೆ ಬೇಕಾದರೆ ಇದಕ್ಕಿಂತ ಉತ್ತಮವಾದುದು ನಮಗೆ ತೋಚದು.

ಈ ಚಿತ್ರ ಬಿಡುಗಡೆಯಾದ ದಿನವೇ, 1937ರ ಆಗಸ್ಟ್ 25ರಂದು, ಯಮನಾಕನಿಗೆ ಸೈನ್ಯದ ಕರೆ ಬಂದಿತು. ಇದೇ ತನ್ನ ಕೊನೆಯ ಕೃತಿಯಾದರೆ ತುಸು ವ್ಯಥೆಯಾದೀತೆಂಬ ಅರ್ಥದ ಮಾತನ್ನು ಆತನು ಯುದ್ಧಭೂಮಿಯಿಂದ ಬರೆದಿಟ್ಟನು. 1938ರ ಸೆಪ್ಟೆಂಬರಿನಲ್ಲಿ, ಚೀನಾದ ಕೈಫೆಂಗಿನಲ್ಲಿ, ರಕ್ತಭೇದಿಯಿಂದ ತೀರಿಕೊಂಡಾಗ ಆತನಿಗೆ ಇಪ್ಪತ್ತೆಂಟು ವರ್ಷ.

ಯಮನಾಕನ ಸಮಕಾಲೀನನಾದ ಶಿಮಿಜು ಹಿರೋಶಿ ದೀರ್ಘಕಾಲ ಬಾಳಿ, ನೂರಕ್ಕೂ ಮಿಕ್ಕು ಚಿತ್ರಗಳನ್ನು ತೆಗೆದನು. ಆತನ ‘ಅರಿಗಾತೊಸಾನ್’ (1936) ಇಜು ಪರ್ಯಾಯದ್ವೀಪದ ಬೆಟ್ಟದ ದಾರಿಯಲ್ಲಿ ಸಾಗುವ ಒಂದು ಬಸ್ಸಿನ ಕಥೆ. ದಾರಿ ಬಿಟ್ಟುಕೊಟ್ಟವರಿಗೆಲ್ಲ, ಕೋಳಿಗಳಿಗೂ ಕೂಡ, ಚಾಲಕನು ‘ಅರಿಗಾತೊ’ (‘ವಂದನೆ’) ಎನ್ನುತ್ತಾನೆ. ಆದುದರಿಂದ ಆ ಹೆಸರು. ಸ್ಟುಡಿಯೋದೊಳಗೆ ಪರದೆ ಕಟ್ಟಿ ಪ್ರಯಾಣವನ್ನು ನಟಿಸುವುದು ವಾಡಿಕೆಯಾಗಿದ್ದಾಗ ಶಿಮಿಜು ನಿಜವಾದ ಬಸ್ಸನ್ನು ನಿಜವಾದ ರಸ್ತೆಯಲ್ಲಿ ಓಡಿಸಿದನು. ಮೇಲುನೋಟಕ್ಕೆ ಇದು ಉಲ್ಲಾಸದ ಚಿತ್ರ. ಆದರೆ ಬಸ್ಸಿನ ಹಿಂದಿನ ಆಸನದಲ್ಲಿ, ತೋಕಿಯೋ ನಗರದಲ್ಲಿ ಮಾರಾಟವಾಗಲು ತಾಯಿಯೊಡನೆ ಹೊರಟಿರುವ ಹುಡುಗಿ ಕುಳಿತಿದ್ದಾಳೆ. ದಾರಿಯಲ್ಲಿ ಕೊರಿಯಾದ ಕೂಲಿಹೆಂಗಸೊಬ್ಬಳು ಚಾಲಕನನ್ನು ಮಾತನಾಡಿಸುತ್ತಾಳೆ. ಈ ರಸ್ತೆಯನ್ನು ಕಡಿದವರು ಅವಳ ಜನ. ಕೆಲಸ ಮುಗಿಯಿತು, ಬೇರೆ ಕಡೆಗೆ ಹೋಗಬೇಕು. ತಂದೆಯ ಗೋರಿ ಇಲ್ಲಿಯೇ ಉಳಿಯುತ್ತದೆ, ಅದಕ್ಕೆ ಹೂವಿಡಬೇಕೆಂದು ಕೇಳಿಕೊಳ್ಳುತ್ತಾಳೆ. ಸಾಮ್ರಾಜ್ಯದ ಮದ ಏರುತ್ತಿದ್ದ ವರ್ಷದಲ್ಲಿ, ಜಪಾನಿನ ಅಧೀನದಲ್ಲಿದ್ದ ಜನಾಂಗದ ಹೆಣ್ಣಿಗೆ ಇಂಥ ಎರಡು ನಿಮಿಷಗಳನ್ನು ಕೊಟ್ಟುದು ಸಣ್ಣ ಧೈರ್ಯವಲ್ಲ.

ಯುದ್ಧಾನಂತರದ ಚಿತ್ರಗಳ ಪ್ರತಿಗಳು ಬಹುಮಟ್ಟಿಗೆ ಉಳಿದಿವೆ. ಅವು ಮರೆಯಾದುದಕ್ಕೆ ಕಾರಣಗಳು ಬೇರೆ. ಭೂತಪ್ರೇತಗಳ ಚಿತ್ರಗಳು ಬೇಸಗೆಯ ಅಗ್ಗದ ಮನರಂಜನೆಯೆಂದು ಪರಿಗಣಿತವಾದುದರಿಂದ ನಕಾಗಾವ ನೊಬುವೊನ ‘ತೋಕಾಯಿದೊ ಯೊತ್ಸುಯ ಕೈದಾನ್’ (1959) ಉತ್ಸವಗಳ ಕಣ್ಣಿಗೆ ಬೀಳಲಿಲ್ಲ. ಅದರ ಬಣ್ಣದ ಬಳಕೆಯೊಂದಕ್ಕಾಗಿಯೇ ಅದನ್ನು ನೋಡಬಹುದು.

ತನಾಕ ಕಿನುಯೊಳ ವಿಷಯ ಇನ್ನೂ ವಿಚಿತ್ರವಾದುದು. ಮಿಜೊಗುಚಿಯ ನಾಯಿಕೆಯಾಗಿ ಆಕೆ ಜಗತ್ಪ್ರಸಿದ್ಧಳು. 1953ರಿಂದ 1962ರವರೆಗೆ ಆಕೆಯೇ ಆರು ಚಿತ್ರಗಳನ್ನು ನಿರ್ದೇಶಿಸಿದಳೆಂಬುದನ್ನು ಬಲ್ಲವರು ಕೆಲವರೇ. ಆಕೆಯ ನಿರ್ದೇಶನವನ್ನು ವಿರೋಧಿಸಿದವರಲ್ಲಿ ಮಿಜೊಗುಚಿಯೂ ಒಬ್ಬನು. 1955ರ ‘ಚಿಬುಸ ಯೊ ಎಯಿಯೆನ್ ನಾರೆ’ (‘ಸ್ತನಗಳೇ, ಶಾಶ್ವತವಾಗಿರಿ’) ಸ್ತನದ ಅರ್ಬುದದಿಂದ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ನಕಾಜೊ ಫುಮಿಕೊ ಎಂಬ ಕವಯಿತ್ರಿಯ ಜೀವನವನ್ನು ಆಧರಿಸಿದುದು. ರೋಗಿಯನ್ನು ಅನುಕಂಪದ ಬೊಂಬೆಯನ್ನಾಗಿ ಮಾಡದೆ, ಆಕೆಯ ಆಸೆಯನ್ನೂ ಸಿಡುಕನ್ನೂ ಹಟವನ್ನೂ ಹಾಗೆಯೇ ಉಳಿಸಿಕೊಂಡಿರುವುದು ಇದರ ಹೆಚ್ಚಳ. 2021ರಿಂದೀಚೆಗೆ ಈ ಚಿತ್ರಗಳು ಸಂಸ್ಕರಿತ ಪ್ರತಿಗಳಲ್ಲಿ ಯೂರೋಪಿನಲ್ಲಿ ಪ್ರದರ್ಶಿತವಾಗಿವೆ.

ಕೊನೆಯದಾಗಿ, ತನ್ನ ದೇಶದಲ್ಲಿ ಅತ್ಯುತ್ತಮವಾದವುಗಳ ಸಾಲಿನಲ್ಲಿ ಎಣಿಕೆಯಾಗಿ, ಹೊರಗೆ ಅಪರಿಚಿತವಾಗಿಯೇ ಉಳಿದ ಉಚಿದ ತೊಮುವಿನ ‘ಕಿಗ ಕೈಕ್ಯೋ’ (‘ಹಸಿವಿನ ಜಲಸಂಧಿ’, 1965). ಸುಮಾರು ಮೂರು ಗಂಟೆಗಳ ಈ ಅಪರಾಧಕಥೆಯನ್ನು 16 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದು 35ಕ್ಕೆ ಹಿಗ್ಗಿಸಿದುದರಿಂದ ಚಿತ್ರವೆಲ್ಲ ಹರಳುಹರಳಾಗಿ, ಹಳೆಯ ವಾರ್ತಾಚಿತ್ರದಂತೆ ಕಾಣುತ್ತದೆ. ಕೊಲೆಯ ಹಣದೊಂದಿಗೆ ತಲೆಮರೆಸಿಕೊಂಡ ಇನುಕಾಯಿ ಎಂಬುವನು ಯಾಯೆ ಎಂಬ ವೇಶ್ಯೆಗೆ ಒಂದಷ್ಟು ಹಣ ಕೊಟ್ಟು ಹೋಗುತ್ತಾನೆ. ಅವಳು ಅವನ ಕತ್ತರಿಸಿದ ಉಗುರೊಂದನ್ನು ಹತ್ತು ವರ್ಷ ಕಾಪಾಡಿಕೊಳ್ಳುತ್ತಾಳೆ. ಬೇರೆ ಹೆಸರಿನಲ್ಲಿ ದಾನಿಯಾಗಿ ಮೆರೆಯುತ್ತಿರುವ ಅವನ ಭಾವಚಿತ್ರವನ್ನು ಪತ್ರಿಕೆಯಲ್ಲಿ ಕಂಡು, ಕೃತಜ್ಞತೆಯನ್ನು ಹೇಳಲು ಹೋದಾಗ ಅವನ ಕೈಯಲ್ಲೇ ಸಾಯುತ್ತಾಳೆ. ಪೊಲೀಸರಿಗೆ ಸಾಕ್ಷ್ಯವಾಗಿ ಒದಗುವುದು ಅವಳು ಪ್ರೀತಿಯಿಂದ ಇಟ್ಟುಕೊಂಡ ಆ ಉಗುರೇ.